ಹಲಗೆ ಕಾಸುವ ಹದ, ಗಿಟಾರಿನ ಓವರ್‌ಡ್ರೈವ್

*ದಿನದ ಧಮ್ಮ ಚಿಂತನೆ*

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ನಮ್ಮ ಅಧ್ಯಯನ ಬಳಗದಲ್ಲಿ ಈಚೆಗೆ ಒಂದು ಚರ್ಚೆ ಎದ್ದಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿಯುವ ನಮ್ಮ ಕಿರಿಯ ಉಪಾಸಕನೊಬ್ಬ ಓವರ್‌ಟೈಮ್ ಹಣ ಕೂಡಿಸಿಟ್ಟು, ತನ್ನ ಎಲೆಕ್ಟ್ರಿಕ್ ಗಿಟಾರಿಗೆ ಓವರ್‌ಡ್ರೈವ್ ಪೆಡಲ್ ತರಿಸಿಕೊಂಡಿದ್ದಾನೆ. ಬರುವ ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ಭೀಮಗೀತೆಗಳಿಗೆ ಅದನ್ನು ನುಡಿಸಬೇಕೆಂಬುದು ಅವನ ಆಸೆ. ಅದರ ಸದ್ದನ್ನು ರೆಕಾರ್ಡ್ ಮಾಡಿ ಗುಂಪಿಗೆ ಹಾಕಿದ. ಕೂಡಲೇ ಮೂರು ಬಗೆಯ ಮಾತು ಬಂದವು. ಬುದ್ಧವಂದನೆ ನಡೆಯುವ ಜಾಗದಲ್ಲಿ ಈ ಕಿರುಚಾಟ ಬೇಡ ಎಂದರು ಕೆಲವರು. ಶೀಲದಲ್ಲಿ ಸಂಗೀತವೇ ನಿಷಿದ್ಧವಲ್ಲವೇ ಎಂದು ಒಬ್ಬ ಉಪಾಸಿಕೆ ಕೇಳಿದರು. ನೂರಾರು ವರ್ಷ ನಮ್ಮ ಬಾಯಿ ಮುಚ್ಚಿಸಿದ್ದು ಸಾಕು, ಇನ್ನು ಎಷ್ಟು ಜೋರಾದರೂ ಇರಲಿ ಎಂದರು ಯುವಕರು.

ಮೂರೂ ಮಾತುಗಳನ್ನು ಇವತ್ತು ಧಮ್ಮದ ಬೆಳಕಿನಲ್ಲಿ ನೋಡೋಣ.

*ಶೀಲದ ಪ್ರಶ್ನೆ*

ಮೊದಲು ಸುಲಭವಾದದ್ದು. ಗೃಹಸ್ಥರಾದ ನಾವು ದಿನನಿತ್ಯ ಪಾಲಿಸುವುದು ಪಂಚಶೀಲ. ಕೊಲ್ಲದಿರುವುದು, ಕದಿಯದಿರುವುದು, ಕಾಮದಲ್ಲಿ ದಾರಿ ತಪ್ಪದಿರುವುದು, ಸುಳ್ಳಾಡದಿರುವುದು, ಅಮಲಿನಿಂದ ದೂರವಿರುವುದು. ಇದರಲ್ಲಿ ಸಂಗೀತದ ಮಾತಿಲ್ಲ. ಹಾಡು, ಕುಣಿತ, ವಾದ್ಯಗಳಿಂದ ದೂರವಿರಬೇಕೆಂಬ ನಿಯಮ ಬರುವುದು ಉಪೋಸಥದ ದಿನ ಪಾಲಿಸುವ ಅಷ್ಟಶೀಲದಲ್ಲಿ ಮತ್ತು ಭಿಕ್ಷುಗಳ ಶೀಲದಲ್ಲಿ. ಹಾಗಾಗಿ ಉಪೋಸಥದ ದಿನ ಗಿಟಾರ್ ಚೀಲದಲ್ಲಿರಲಿ. ಉಳಿದ ದಿನ ಅದನ್ನು ಹಿಡಿದವನು ಶೀಲ ಮುರಿದವನಲ್ಲ.

ಉಳಿದ ಎರಡು ಮಾತುಗಳೇ ಕಷ್ಟದವು. ಒಬ್ಬರು ದನಿ ತಗ್ಗಿಸು ಎನ್ನುತ್ತಾರೆ, ಇನ್ನೊಬ್ಬರು ಏರಿಸು ಎನ್ನುತ್ತಾರೆ. ಉತ್ತರ ಕೊಡುವ ಮೊದಲು ಆ ಪೆಟ್ಟಿಗೆ ಏನು ಮಾಡುತ್ತದೆಂದು ತಿಳಿಯಬೇಕು. ಪರೀಕ್ಷಿಸದೆ ಒಪ್ಪಬೇಡಿ, ಪರೀಕ್ಷಿಸದೆ ತಳ್ಳಲೂಬೇಡಿ ಎನ್ನುವ ದಾರಿ ನಮ್ಮದು.

*ಪೆಡಲ್ ಎಂದರೇನು*

ಎಲೆಕ್ಟ್ರಿಕ್ ಗಿಟಾರಿನ ಲೋಹದ ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುತ್ತವೆ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವುದು ಆಂಪ್ಲಿಫೈಯರ್. ಹಳೆಯ ಕಾಲದ ವಾಲ್ವ್ ಆಂಪ್ಲಿಫೈಯರಿಗೆ ಅದು ತಡೆಯುವುದಕ್ಕಿಂತ ಹೆಚ್ಚು ಒತ್ತಡ ಕೊಟ್ಟರೆ ಸದ್ದಿನ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಆಗ ದನಿ ಒರಟಾಗುತ್ತದೆ, ಗಂಟಲು ಬಿರಿದು ಹಾಡಿದಂತೆ ಕೇಳುತ್ತದೆ. ಗಿಟಾರಿನವರು ಇದನ್ನೇ ಓವರ್‌ಡ್ರೈವ್ ಎನ್ನುವುದು.

ಈ ಸದ್ದಿಗೆ ಒಂದು ಚರಿತ್ರೆ ಇದೆ, ನಮಗೆ ಹತ್ತಿರದ ಚರಿತ್ರೆ. 1951ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿಯಿಂದ ಕಪ್ಪು ಯುವಕರ ತಂಡವೊಂದು ಹಾಡು ಧ್ವನಿಮುದ್ರಿಸಲು ಮೆಂಫಿಸ್ ನಗರಕ್ಕೆ ಬಂತು. ಐಕ್ ಟರ್ನರ್ ಅವರ ತಂಡ ಅದು. ಬರುವ ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಆಂಪ್ ಕೆಟ್ಟಿತು. ಹೊಸದು ಎಲ್ಲಿಂದ ತರುವುದು? ಹಾಳಾದ ಸ್ಪೀಕರಿನೊಳಗೆ ಕಾಗದ ತುರುಕಿ ನುಡಿಸಿದರು. ಆ ಗೊರಗೊರ ದನಿಯಲ್ಲೇ 'ರಾಕೆಟ್ 88' ಎಂಬ ಹಾಡು ಹೊರಬಂತು, ದೇಶವೆಲ್ಲ ಕೇಳಿತು. ಬಹಳ ಜನ ಅದನ್ನು ರಾಕ್ ಅಂಡ್ ರೋಲ್‌ನ ಮೊದಲ ಹಾಡುಗಳಲ್ಲಿ ಒಂದೆಂದು ಎಣಿಸುತ್ತಾರೆ. ಮುಂದೆ ಆ ಒರಟು ದನಿಯೇ ಬೇಕೆಂದು ಜನ ಆಂಪ್‌ಗಳನ್ನು ಬೇಕೆಂದೇ ಮಿತಿ ಮೀರಿ ಏರಿಸತೊಡಗಿದರು. 1977ರಲ್ಲಿ ಜಪಾನಿನ ಬಾಸ್ ಕಂಪನಿ ಓಡಿ-1 ಎಂಬ ಪೆಡಲ್ ತಂದಿತು. ಅದಾದ ಸ್ವಲ್ಪ ಕಾಲಕ್ಕೆ ಐಬನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಬಂತು. ಅಂಗೈಯಗಲದ ಪೆಟ್ಟಿಗೆ, ಒಳಗೆ 9 ವೋಲ್ಟ್ ಬ್ಯಾಟರಿ, ಅಲೆಯ ನೆತ್ತಿಯನ್ನು ಮೆಲ್ಲಗೆ ಸವರುವ ಸಣ್ಣ ಡಯೋಡುಗಳು. ಕಾಲಿನಿಂದ ಒತ್ತಿದರೆ ಸಾಕು. ನಮ್ಮ ಹುಡುಗನದು ಆ ಮಾದರಿಯದೇ, ಕಡಿಮೆ ಬೆಲೆಯದು.

ಬಡವರ ಕೆಟ್ಟ ಆಂಪಿನ ಸದ್ದನ್ನೇ ಇವತ್ತು ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಒಡೆದ ದನಿ ಎಂದು ಯಾರನ್ನಾದರೂ ಹೀಗಳೆಯುವ ಮುಂಚೆ ಇದು ನೆನಪಿರಲಿ. ನಮ್ಮ ನೆರೆಯ ಚೆನ್ನೈಯಲ್ಲೂ 2018ರ ಜನವರಿಯಲ್ಲಿ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಮೊದಲ ಬಾರಿ ವೇದಿಕೆ ಏರಿತು. ಚಿತ್ರ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ತಂಡ ಅದು. ಉತ್ತರ ಚೆನ್ನೈಯ ಗಾನಾ ಹಾಡಿನ ಪಕ್ಕದಲ್ಲೇ ಎಲೆಕ್ಟ್ರಿಕ್ ಗಿಟಾರ್ ನಿಂತಿತು. ಆ ಹೆಸರಿನ ಹಿಂದೆ ಇರುವುದು ಪಂಡಿತ ಅಯೋತಿ ದಾಸರ ವಿಚಾರ. 1898ರಲ್ಲೇ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದವರು ಅವರು. ನಮ್ಮ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರವರೆಗೂ ಆ ಸಂಘದ ಕೆಲಸ ಹರಡಿತ್ತು. ಆದ್ದರಿಂದ ಗಿಟಾರ್ ನಮ್ಮದಲ್ಲ, ಹೊರಗಿನದು ಎನ್ನುವ ಮಾತಿಗೆ ಹೆಚ್ಚು ಬಲವಿಲ್ಲ.

*ನುಡಿಸಿ ನೋಡಿದಾಗ*

ಭಾನುವಾರ ವಂದನೆ ಮುಗಿದ ಮೇಲೆ ಎಲ್ಲರೂ ಸೇರಿ ಕೇಳಿಯೇ ಬಿಡೋಣ ಎಂದೆವು. ಆ ಪೆಡಲಿಗೆ ಮೂರು ನಾಬ್ ಇವೆ: ಡ್ರೈವ್, ಟೋನ್, ಲೆವೆಲ್. ಒಂದೊಂದನ್ನೇ ತಿರುಗಿಸಿ ತೋರಿಸು ಎಂದು ಹುಡುಗನಿಗೆ ಹೇಳಿದೆವು.

ಡ್ರೈವ್ ಸ್ವಲ್ಪವೇ ಇಟ್ಟಾಗ ಮೆಲ್ಲಗೆ ಮೀಟಿದರೆ ದನಿ ತಿಳಿಯಾಗಿತ್ತು. ಗಟ್ಟಿಯಾಗಿ ಮೀಟಿದಾಗ ಮಾತ್ರ ಅಂಚಿನಲ್ಲಿ ಬಿರಿಯಿತು. ಬೆರಳು ಹೇಳಿದ್ದನ್ನು ಪೆಟ್ಟಿಗೆ ಕೇಳುತ್ತಿತ್ತು. ಆಮೇಲೆ ಡ್ರೈವ್ ಪೂರ್ತಿ ಏರಿಸಿದ. ಮೊದಲ ಕ್ಷಣ ರೋಮಾಂಚನವಾಯಿತು. ಸ್ವಲ್ಪ ಹೊತ್ತಿಗೆ ಮೂರು ಸಂಗತಿ ತಿಳಿದವು.

ಒಂದು, ಮೆಲ್ಲಗೆ ಮೀಟಿದರೂ ಗಟ್ಟಿಯಾಗಿ ಮೀಟಿದರೂ ಸದ್ದು ಒಂದೇ ಅಳತೆಯದಾಯಿತು. ಪಿಸುಮಾತಿಗೂ ಕೂಗಿಗೂ ವ್ಯತ್ಯಾಸ ಉಳಿಯಲಿಲ್ಲ. ಎರಡು, ನುಡಿಸದೆ ಸುಮ್ಮನೆ ಹಿಡಿದಾಗಲೂ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ವೈರಿನಲ್ಲಿ, ಅರ್ಥಿಂಗ್‌ನಲ್ಲಿ ಮೊದಲೇ ಅಡಗಿದ್ದ ದೋಷ ಈಗ ದೊಡ್ಡದಾಗಿ ಕೇಳಿತು. ಮೂರು, ಆರೂ ತಂತಿ ಒಟ್ಟಿಗೆ ಮೀಟಿದಾಗ ಸ್ವರಗಳು ಕಲಸಿ ರಾಡಿಯಾದವು. ಎರಡೇ ತಂತಿ ಮೀಟಿದಾಗ ಅದೇ ಡ್ರೈವ್‌ನಲ್ಲೂ ಸ್ವರ ಸ್ಪಷ್ಟವಾಗಿತ್ತು.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಡ್ರೈವ್ ಬೇರೆ, ಲೆವೆಲ್ ಬೇರೆ. ಡ್ರೈವ್ ಎಂದರೆ ದನಿಯೊಳಗಿನ ಕಾವು. ಲೆವೆಲ್ ಎಂದರೆ ದನಿ ಎಷ್ಟು ಜಾಗ ತುಂಬುತ್ತದೆ ಎಂಬುದು. ಕಾವು ಹೆಚ್ಚಿಟ್ಟು ಸದ್ದು ಕಡಿಮೆ ಇಡಬಹುದು. ಕಾವೇ ಇಲ್ಲದೆ ಬರೀ ಸದ್ದು ಏರಿಸಲೂಬಹುದು. ನಮ್ಮ ಬಳಗದ ಜಗಳವೆಲ್ಲ ಈ ಎರಡನ್ನೂ ಒಂದೇ ನಾಬ್ ಎಂದು ತಿಳಿದದ್ದರಿಂದ ಹುಟ್ಟಿತ್ತು.

ಕುರುಗೋಡಿನಿಂದ ಬಂದಿದ್ದ ಹಿರಿಯರೊಬ್ಬರು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಅವರ ತಂದೆ ಊರಿನ ಹಬ್ಬ, ಸಾವುಗಳಿಗೆ ಬಿಟ್ಟಿಯಾಗಿ ಹಲಗೆ ಬಡಿದವರು. ಹೊಡೆಯುವ ಕೈ ನಮ್ಮದು, ಮೆರವಣಿಗೆಯಲ್ಲಿ ಮಾನ ಅವರದು ಎಂದು ಹಿಂದೊಮ್ಮೆ ಹೇಳಿದ್ದರು. ಇವರು ಪೆಡಲ್ ಬೇಡವೆನ್ನುತ್ತಾರೆಂದು ಹುಡುಗ ಅಂಜಿದ್ದ. ಅವರು ಹತ್ತಿರ ಬಂದು ಬಗ್ಗಿ ಆ ನಾಬ್ ಮುಟ್ಟಿ ನೋಡಿದರು.

"ತಮ್ಮಾ, ಇದು ಹಲಗಿ ಕಾಸಿದಂಗ ಐತಲ್ಲೋ. ಕಾಸದಿದ್ರೆ ಡಬ್ ಡಬ್ ಅಂತೈತಿ, ದನಿ ಎದ್ದು ಬರಲ್ಲ. ಬಾಳ ಕಾಸಿದ್ರೆ ಚರ್ಮ ಹರೀತೈತಿ. ಹದ ಅನ್ನೋದು ಕೈಗೆ ಗೊತ್ತಾಗಬೇಕು."

"ಹೌದು ತಾತ," ಎಂದ ಹುಡುಗ. ಡ್ರೈವ್ ಅರ್ಧಕ್ಕಿಂತ ಕೆಳಗೆ ಇಳಿಸಿ ಮತ್ತೆ ನುಡಿಸಿದ.

*ಸೋಣನ ವೀಣೆ*

ತಾತ ಹೇಳಿದ್ದನ್ನೇ ಭಗವಾನ್ ಬುದ್ಧರು ಸೋಣ ಕೋಳಿವಿಸ ಎಂಬ ಭಿಕ್ಷುವಿಗೆ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ಆ ಪ್ರಸಂಗ ಬರುತ್ತದೆ. ಸೋಣ ಚಂಪಾ ನಗರದ ಸಿರಿವಂತರ ಮಗ, ಸುಖದಲ್ಲಿ ಬೆಳೆದವನು. ಸಂಘ ಸೇರಿದ ಮೇಲೆ ರಾಜಗೃಹದ ಬಳಿಯ ಸೀತವನದಲ್ಲಿ ಎಡೆಬಿಡದೆ ಚಂಕ್ರಮಣ ಮಾಡಿದ. ಅಂಗಾಲು ಒಡೆದು ನಡೆದ ಹಾದಿಯೆಲ್ಲ ರಕ್ತವಾಯಿತು. ಆದರೂ ಚಿತ್ತ ಬಿಡುಗಡೆ ಹೊಂದಲಿಲ್ಲ. ಮನೆಗೆ ಮರಳಿ ದಾನಧರ್ಮ ಮಾಡಿಕೊಂಡು ಇರುವುದೇ ಮೇಲು ಎಂದುಕೊಂಡ.

ಬುದ್ಧರು ಬಂದು ಅವನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಗೃಹಸ್ಥನಾಗಿದ್ದಾಗ ನೀನು ವೀಣೆ ನುಡಿಸುವುದರಲ್ಲಿ ಜಾಣನಾಗಿದ್ದೆಯಲ್ಲವೇ ಎಂದು ಕೇಳಿದರು. ತಂತಿ ಬಹಳ ಬಿಗಿಯಾದರೆ ನಾದ ಬರುತ್ತಿತ್ತೇ? ಇಲ್ಲ. ಬಹಳ ಸಡಿಲವಾದರೆ? ಇಲ್ಲ. ಎರಡೂ ಅಲ್ಲದೆ ಹದವಾಗಿ ಕೂಡಿಸಿದಾಗ? ಬರುತ್ತಿತ್ತು. ವೀರ್ಯವೂ ಹಾಗೆಯೇ, ಸೋಣ. ಅತಿಯಾದರೆ ಚಿತ್ತ ಕದಡುತ್ತದೆ, ಕಡಿಮೆಯಾದರೆ ಜಡವಾಗುತ್ತದೆ, ಸಮವನ್ನು ಹಿಡಿ ಎಂದರು. ಅವನು ಹಾಗೆಯೇ ಸಾಧಿಸಿ ಅರಹಂತನಾದ.

ಇಲ್ಲಿ ನಾವು ತಪ್ಪು ತಿಳಿಯುವ ಅಪಾಯವೊಂದಿದೆ. ಮಧ್ಯಮ ಮಾರ್ಗ ಎಂದರೆ ಎಲ್ಲದರಲ್ಲೂ ಅರ್ಧ ಎಂದು ಕೆಲವರು ಭಾವಿಸುತ್ತಾರೆ. ಆ ಲೆಕ್ಕದಲ್ಲಿ ಮೂರೂ ನಾಬ್‌ಗಳನ್ನು ನಟ್ಟನಡುವೆ ಇಟ್ಟರೆ ಮುಗಿಯಿತು. ಆದರೆ ನುಡಿಸುವವರನ್ನು ಕೇಳಿ. ನಾಬಿನ ನಡುವೆ ಒಂದು ಗಿಟಾರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಸಣ್ಣ ಕೋಣೆಗೆ ಹೆಚ್ಚು, ಮೈದಾನಕ್ಕೆ ಕಡಿಮೆ. ಹದ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ತಂತಿ, ಆಂಪ್, ಜಾಗ, ಜೊತೆಗೆ ಹಾಡುವವರ ದನಿ, ಇವನ್ನೆಲ್ಲ ಕೇಳಿ ಕಂಡುಕೊಳ್ಳಬೇಕು. ಬುದ್ಧರು ಸೋಣನಿಗೆ ಇಷ್ಟು ಹೆಜ್ಜೆ ನಡೆ ಎಂದು ಲೆಕ್ಕ ಕೊಡಲಿಲ್ಲ. ಅವನ ಕೈಗೆ ಮೊದಲೇ ಗೊತ್ತಿದ್ದ ವಿದ್ಯೆಯನ್ನು ನೆನಪಿಸಿದರು. ಸೋಣನಿಗೆ ವೀಣೆ, ತಾತನಿಗೆ ಹಲಗೆ, ನಮ್ಮ ಹುಡುಗನಿಗೆ ಪೆಡಲ್. ಸಮ್ಯಕ್ ವ್ಯಾಯಾಮ ಎಂಬ ಮಾತು ಪುಸ್ತಕದಲ್ಲಿ ಒಣಗಿ ಕೂತಿಲ್ಲ, ನಮ್ಮ ಜನರ ಅಂಗೈಯಲ್ಲಿದೆ.

*ದನಿ ತಗ್ಗಿಸು ಎನ್ನುವವರು ಇಬ್ಬರು*

ಆ ಹುಡುಗ ಬಾಡಿಗೆ ಕೋಣೆಯಲ್ಲಿದ್ದಾನೆ. ಅಲ್ಲಿ ಸಿನಿಮಾ ಹಾಡು ನುಡಿಸಿದ ದಿನ ಯಾರೂ ಏನೂ ಅನ್ನಲಿಲ್ಲವಂತೆ. ಬಾಬಾಸಾಹೇಬರ ಹಾಡು ನುಡಿಸಿದ ದಿನ, ಅಷ್ಟೇ ಸದ್ದಿನಲ್ಲಿ, ಇದೆಲ್ಲ ಇಲ್ಲಿ ಬೇಡ ಎಂಬ ಮಾತು ಬಂತಂತೆ. ಈಗ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತಾನೆ.

ಬಂಧುಗಳೇ, ದನಿ ತಗ್ಗಿಸು ಎನ್ನುವವರು ಇಬ್ಬರಿದ್ದಾರೆ. ಒಬ್ಬರಿಗೆ ನಮ್ಮ ಮಾತು ಸ್ಪಷ್ಟವಾಗಿ ಕೇಳಬೇಕಾಗಿದೆ. ಇನ್ನೊಬ್ಬರಿಗೆ ನಮ್ಮ ಮಾತೇ ಕೇಳಬಾರದಾಗಿದೆ. ಮೊದಲನೆಯವರ ಮಾತಿಗೆ ನಾಬ್ ತಿರುಗಿಸಬೇಕು. ಎರಡನೆಯವರು ಕೇಳುವುದು ನಾಬಿನ ವಿಷಯವೇ ಅಲ್ಲ. ಎಷ್ಟು ತಗ್ಗಿಸಿದರೂ ಅವರಿಗೆ ಅದು ಜೋರೇ. ಇಬ್ಬರನ್ನೂ ಬೇರೆಯಾಗಿ ಗುರುತಿಸುವುದು ಪ್ರಜ್ಞೆಯ ಕೆಲಸ.

ಧಮ್ಮದಲ್ಲಿ ಮೃದುಮಾತಿಗೆ ಬೆಲೆಯಿದೆ, ನಿಜ. ಆದರೆ ಅಭಯ ರಾಜಕುಮಾರನಿಗೆ ಬುದ್ಧರು ಹೇಳಿದ್ದನ್ನು ನೆನೆಯಿರಿ. ತಥಾಗತರು ಇತರರಿಗೆ ಅಪ್ರಿಯವಾದ ಮಾತು ಆಡುತ್ತಾರೆಯೇ ಎಂದು ಅವನು ಕೇಳಿದ. ಅವನ ತೊಡೆಯ ಮೇಲೆ ಕೂಸು ಇತ್ತು. ಈ ಕೂಸು ಬಾಯಿಗೆ ಕಡ್ಡಿಯನ್ನೋ ಕಲ್ಲನ್ನೋ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಕೂಸಿನ ಮೇಲೆ ಕರುಣೆ ಇದೆ ಎಂದ ರಾಜಕುಮಾರ. ಸತ್ಯವೂ ಹಿತವೂ ಆದ ಮಾತು ಅಪ್ರಿಯವಾಗಿದ್ದರೂ ಕಾಲವರಿತು ಆಡುತ್ತೇನೆ ಎಂಬುದು ಬುದ್ಧರ ಉತ್ತರದ ಸಾರ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನು ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಕರೆಯಿತು. ಭಾಷಣ ಓದಿದ ಮೇಲೆ ಕೆಲವು ಭಾಗ ತೆಗೆಯಿರಿ, ಬದಲಿಸಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ ಎಂಬುದು ಅವರ ನಿಲುವಾಗಿತ್ತು. ಸಮ್ಮೇಳನ ರದ್ದಾಯಿತು. ಆ ಭಾಷಣವನ್ನು ಅವರು ತಮ್ಮದೇ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಅದನ್ನು ಓದಿದವರಿಗೆ ಗೊತ್ತು, ಅದರಲ್ಲಿ ಕಾವು ಎಷ್ಟಿದೆಯೆಂದು. ಆದರೆ ಒಂದು ವಾಕ್ಯವೂ ರಾಡಿಯಾಗಿಲ್ಲ. ಒಂದು ವಾದ, ಅದಕ್ಕೆ ಆಧಾರ, ಆಮೇಲೆ ಮುಂದಿನ ವಾದ. ಆರು ತಂತಿ ಒಟ್ಟಿಗೆ ಬಡಿದವರಲ್ಲ ಅವರು. ಬೇಕಾದ ಎರಡನ್ನು ಆರಿಸಿ ಮೀಟಿದವರು.

*ಮಾತು ಕೇಳಬೇಕು*

ಹಾಗಾದರೆ ಹದವಾಯಿತೆಂದು ತಿಳಿಯುವುದು ಹೇಗೆ? ದೀಘ ನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಒಂದು ಅಳತೆ ಸಿಗುತ್ತದೆ. ಪಂಚಶಿಖ ಎಂಬ ಗಂಧರ್ವ ಇಂದಸಾಲ ಗುಹೆಯ ಬಳಿ ವೀಣೆ ನುಡಿಸಿ ಹಾಡಿದಾಗ ಬುದ್ಧರು ಮೆಚ್ಚಿದ್ದು ಏನನ್ನು? ತಂತಿಯ ದನಿ ಹಾಡಿನೊಡನೆ ಬೆರೆತಿದೆ, ಹಾಡು ತಂತಿಯೊಡನೆ ಬೆರೆತಿದೆ, ಒಂದು ಇನ್ನೊಂದನ್ನು ಮೀರಿಲ್ಲ ಎಂಬುದನ್ನು.

ನಮ್ಮ ಜಿಲ್ಲೆಯ ದರೋಜಿ ಈರಮ್ಮನವರನ್ನು ನೆನೆಯೋಣ. ಬುಡ್ಗ ಜಂಗಮ ಅಲೆಮಾರಿ ಸಮುದಾಯದ ಆ ತಾಯಿ ಅಕ್ಷರ ಕಲಿತವರಲ್ಲ. ಇಡೀ ಇಡೀ ಕಾವ್ಯಗಳನ್ನು ಬುರ್ರಕಥೆಯಾಗಿ ಬಾಯಲ್ಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅವರ ಕೈಯ ತಂಬೂರಿ, ಪಕ್ಕದವರ ಚರ್ಮವಾದ್ಯ ಎಷ್ಟು ಬಿರುಸಾದರೂ ಕಥೆಯ ಮಾತು ಹಿಂದೆ ಬೀಳುತ್ತಿರಲಿಲ್ಲ. ವಾದ್ಯ ಮಾತನ್ನು ಹೊತ್ತು ಬರುತ್ತಿತ್ತು, ಮಾತಿನ ಮೇಲೆ ಕೂರುತ್ತಿರಲಿಲ್ಲ.

ಜಯಂತಿಯ ಮೆರವಣಿಗೆಗಳಲ್ಲಿ ಡಿಜೆ ಬಾಕ್ಸ್‌ಗಳ ಬಗ್ಗೆ ಯುವಕರೊಡನೆ ಮಾತಾಡುವಾಗ ಈ ಅಳತೆಯನ್ನೇ ಇಡೋಣ. ಕುಣಿಯುವುದು ತಪ್ಪಲ್ಲ. ನಡೆಯಲೂ ಬಿಡದಿದ್ದ ಬೀದಿಗಳಲ್ಲಿ ನಮ್ಮ ಮಕ್ಕಳು ಕುಣಿದರೆ ಅದಕ್ಕೊಂದು ಅರ್ಥವಿದೆ. ಆದರೆ ಎದೆಗೂಡು ನಡುಗಿಸುವ ಆ ಸದ್ದಿನಲ್ಲಿ ಹಾಡಿನ ಒಂದು ಪದವೂ ಕಿವಿಗೆ ಬೀಳದಿದ್ದರೆ, ಬಾಬಾಸಾಹೇಬರ ಹೆಸರಿನಲ್ಲಿ ಅವರ ಮಾತೇ ಮುಳುಗಿತಲ್ಲವೇ? ಮಾತು ಕೇಳುವವರೆಗೆ ಏರಿಸಿ. ಮಾತು ಮುಳುಗುವ ಮುಂಚೆ ನಿಲ್ಲಿಸಿ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಚೆನ್ನಾಗಿ ಶ್ರಮಿಸಿದೆ ಎಂದು ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಶ್ರಮಿಸಿದರೆ ಪಡೆಯಬಲ್ಲರು ಎನ್ನುತ್ತಾನೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳೂ ಇವೆ. ಅವುಗಳಲ್ಲಿ ನಾಲ್ಕನೆಯದು, ಭೇರಿಯ ಘೋಷ ಈಗ ಧಮ್ಮದ ಘೋಷವಾಗಿದೆ ಎಂಬ ಅರ್ಥದ ಮಾತು ಹೇಳುತ್ತದೆ. ಭೇರಿಯನ್ನು ಒಡೆದು ಹಾಕಿದೆ ಎಂದು ಅವನು ಹೇಳಲಿಲ್ಲ. ಘೋಷ ನಿಲ್ಲಲಿಲ್ಲ, ಅದು ಯಾವುದಕ್ಕಾಗಿ ಎಂಬುದು ಬದಲಾಯಿತು. ಬಿಟ್ಟಿ ಹಲಗೆಯಿಂದ ಭೀಮಗೀತೆಯ ಗಿಟಾರಿಗೆ ಬಂದ ನಮ್ಮ ದಾರಿಯೂ ಅಂಥದ್ದೇ.

*ಇಂದಿನ ಅಭ್ಯಾಸ*

ಇವತ್ತು ಒಂದು ದಿನ, ಮಾತಾಡುವ ಮುನ್ನ ನಮ್ಮೊಳಗಿನ ಮೂರು ನಾಬ್‌ಗಳನ್ನು ನೋಡಿಕೊಳ್ಳೋಣ.

ಡ್ರೈವ್: ನನ್ನೊಳಗೆ ಕಾವು ಎಷ್ಟಿದೆ? ಸಣ್ಣ ನೋವಿಗೂ ದೊಡ್ಡ ಅನ್ಯಾಯಕ್ಕೂ ಒಂದೇ ಅಳತೆಯ ಸಿಟ್ಟು ಬರುತ್ತಿದ್ದರೆ ಅದು ಪೂರ್ತಿ ಏರಿಸಿದ ಡ್ರೈವ್. ಮನೆಯ ಹೆಂಡತಿ ಮಕ್ಕಳಿಗೂ, ದಬ್ಬಾಳಿಕೆ ಮಾಡಿದವನಿಗೂ ಒಂದೇ ದನಿಯೇ? ಕಾವು ಏರಿದಾಗ ನನ್ನೊಳಗಿನ ಯಾವ ಹಳೆಯ ಗುಂಯ್ ಸದ್ದು, ಯಾವ ಅಹಂಕಾರ, ಯಾವ ಹಗೆ ಅದರ ಜೊತೆ ದೊಡ್ಡದಾಗುತ್ತಿದೆ? ಇನ್ನು ಅನ್ಯಾಯ ಕಂಡಾಗಲೂ ಕಾವೇ ಇಲ್ಲದಿದ್ದರೆ ಅದು ಶಾಂತಿಯಲ್ಲ, ಕಾಸದ ಹಲಗೆ.

ಟೋನ್: ಮಾತಿನ ಮೊನೆ ಎಷ್ಟು ಚೂಪಾಗಿರಬೇಕು? ಕೂಸಿನ ಬಾಯಿಂದ ಕಲ್ಲು ತೆಗೆಯಲು ಬೇಕಾದಷ್ಟು, ಕೆನ್ನೆ ಹರಿಯುವಷ್ಟಲ್ಲ.

ಲೆವೆಲ್: ನನ್ನ ಜೊತೆ ಹಾಡುವವರ ದನಿ ನನಗೆ ಕೇಳುತ್ತಿದೆಯೇ? ಸಭೆಯಲ್ಲಿ ಹಿಂದೆ ಕೂತ ತಾಯಂದಿರ ಮಾತು ನನ್ನ ಸದ್ದಿನಡಿ ಹೂತುಹೋಗುತ್ತಿಲ್ಲವೇ?

ಏಪ್ರಿಲ್ 14ಕ್ಕೆ ಗಿಟಾರ್ ಇರುತ್ತದೆ, ಪೆಡಲೂ ಇರುತ್ತದೆ. ಹಾಡುವ ಅಕ್ಕಂದಿರು ಮುಂದೆ ನಿಲ್ಲುತ್ತಾರೆ. ಅವರ ಪದ ಕೊನೆಯ ಸಾಲಿನವರಿಗೂ ಕೇಳುತ್ತಿದೆಯೇ ಎಂದು ಹಿಂದೆ ನಿಂತು ಹೇಳುವ ಕೆಲಸ ಕುರುಗೋಡಿನ ತಾತನದು. ಪಕ್ಕದಲ್ಲಿ ಹಲಗೆಯೂ ಇರಲಿ ಎಂದು ಹುಡುಗ ಕೇಳಿದ್ದಾನೆ. ತಾತ ಇನ್ನೂ ಹೂಂ ಅಂದಿಲ್ಲ. ಆ ಹಲಗೆಯನ್ನು ಮತ್ತೆ ಮುಟ್ಟುವುದೋ ಬಿಡುವುದೋ, ಅದು ಅವರು ತೀರ್ಮಾನಿಸಬೇಕಾದದ್ದು. ನಾವ್ಯಾರೂ ಒತ್ತಾಯ ಮಾಡುವುದು ಬೇಡ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರ ದನಿಯೂ ಕೇಳುವಂತಾಗಲಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈಭೀಮ್.